ಪೋರ್ಷೆ ಮನೆತನದ ಬ್ರೇಕುಗಳು

1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ಫೆರ್ರಿ ಪೋರ್ಷೆಯವರ ನೇತೃತ್ವದಲ್ಲಿ ರೂಪುಗೊಂಡ 356 ಎಂಬ ಸ್ಪೋರ್ಟ್ಸ್ ಕಾರು, ತನ್ನ ಅಂಗಾಂಗಗಳಲ್ಲಿ ಅನೇಕವನ್ನು ಫೋಕ್ಸ್‌ವ್ಯಾಗನ್ ಎಂಬ ಜನಸಾಮಾನ್ಯರ ಕಾರಿನಿಂದ ಎರವಲು ಪಡೆದೇ ಜನ್ಮತಾಳಿತೆಂಬುದನ್ನು ನೆನೆದರೆ, ಆ ಮನೆತನದ ಕಾರುಗಳ ಒಡೆಯರು ಮುಂದೆ ಒಂದರ ಬ್ರೇಕನ್ನು ಇನ್ನೊಂದಕ್ಕೆ ಕೂಡಿಸುವ ಪರಿಪಾಠವನ್ನು ಬೆಳೆಸಿಕೊಂಡದ್ದು ಅಚ್ಚರಿಯ ಸಂಗತಿಯಲ್ಲ.

ಮೊದಲ ಒಂದೂವರೆ ದಶಕ 356ರ ಗಾಲಿಗಳಲ್ಲಿದ್ದುವು ಡ್ರಮ್ ಬ್ರೇಕುಗಳು. ತಿರುಗುವ ಡ್ರಮ್ಮಿನ ಒಳಮೈಗೆ ಶೂಗಳನ್ನು ಒತ್ತಿ ವೇಗವನ್ನು ಕುಗ್ಗಿಸುವ ಆ ಕ್ರಮದಲ್ಲಿ, ಪರ್ವತಮಾರ್ಗದ ದೀರ್ಘ ಇಳಿಜಾರುಗಳಲ್ಲಿ ಘರ್ಷಣೆಯ ತಾಪವು ಒಳಗೇ ಸಂಚಯಗೊಂಡು, ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿದು, ಎಷ್ಟು ತುಳಿದರೂ ಗಾಲಿ ಮಣಿಯದಂಥ ಭಯಾವಹ ಸ್ಥಿತಿ ಒದಗಬಹುದಾಗಿತ್ತು. ಗಾಳಿಗೆ ತೆರೆದ ಬಿಲ್ಲೆಯೊಂದನ್ನು ಇಕ್ಕೆಲಗಳಿಂದಲೂ ಹಿಡಿಯುವ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ, ಅದರ ಸಾಮರ್ಥ್ಯವು ಲೋಕಕ್ಕೆ ಮನವರಿಕೆಯಾದುದು 1953ರ ಲೆ ಮಾನ್ಸ್ ಪಂದ್ಯವನ್ನು ಡನ್ಲಪ್ ಡಿಸ್ಕುಗಳಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಾಗ. ಅದಾದ ಹತ್ತು ವರ್ಷಕ್ಕೆ, 1963ರಲ್ಲಿ, 356ಸಿ ನಾಲ್ಕು ಗಾಲಿಗಳಿಗೂ ಡಿಸ್ಕ್ ಧರಿಸಿ ಹೊರಬಂತು. ಅದುವರೆಗೆ ದೊಡ್ಡ ಡ್ರಮ್ಮಿನ ಅಂಚಿನಲ್ಲಿ 205 ಮಿ.ಮೀ. ವ್ಯಾಸದ ವೃತ್ತದಲ್ಲಿದ್ದ ಗಾಲಿಯ ಬೋಲ್ಟುಗಳು ಈಗ 130 ಮಿ.ಮೀ. ವೃತ್ತಕ್ಕೆ ಕುಗ್ಗಿದುದರಿಂದ, ಹಳೆಯ ಕಾರಿಗೆ ಹೊಸ ಡಿಸ್ಕನ್ನು ಬಯಸಿದವನು ಗಾಲಿಗಳನ್ನೂ ಬದಲಿಸಬೇಕಾಯಿತು.

1964ರಲ್ಲಿ ತಯಾರಿಕೆ ಆರಂಭವಾದ 911ರ ಕಾಲಕ್ಕೆ ಈ ವಿನಿಮಯವು ಒಂದು ವಿದ್ಯೆಯೇ ಆಯಿತೆನ್ನಬೇಕು. 1966ರ 911ಎಸ್ ಕಾರಿಗೆ ನಡುವೆ ಗಾಳಿಯಾಡುವ ಡಿಸ್ಕುಗಳು ಬಂದುವು. 1969ರ ಮಾದರಿಯಲ್ಲಿ ಅದರ ಮುಂಗಾಲಿಗಳಿಗೆ ಡಿಸ್ಕನ್ನು ಪಿಸ್ಟನ್ನುಗಳಿಂದ ಒತ್ತಿ ಹಿಡಿಯುವ ಕ್ಯಾಲಿಪರು ಹಗುರವಾದ ಅಲ್ಯೂಮಿನಿಯಂನದು ದೊರೆಯಿತು. ಆದರೆ ಎರಕದ ಕಬ್ಬಿಣದ ಸಾಧಾರಣ ಕ್ಯಾಲಿಪರಿನ ಬೋಲ್ಟುಗಳ ಅಂತರ 3 ಅಂಗುಲವಾದರೆ ಇದರದು ಮೂರೂವರೆ ಅಂಗುಲ. ಅರ್ಧ ಅಂಗುಲದ ಈ ಭೇದದಿಂದಾಗಿ, ಕ್ಯಾಲಿಪರನ್ನು ಬಯಸಿದವನು ಅದನ್ನು ಹೊರುವ ಸ್ಟ್ರಟ್ಟನ್ನೂ ಅರಸಬೇಕಾಗುತ್ತದೆ.

ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆದುದು, ಫೋಕ್ಸ್‌ವ್ಯಾಗನ್ನಿನೊಡನೆ ಕೂಡಿ 1969ರಲ್ಲಿ ಹೊರತಂದ 914ರಲ್ಲಿ. ಅದರ ಆರು ಸಿಲಿಂಡರಿನ ಪ್ರಭೇದಕ್ಕೆ 911ರ ಮುಂಭಾಗದ ಬ್ರೇಕೂ ಐದು ಬೋಲ್ಟಿನ ಗಾಲಿಯೂ ಸಹಜವಾಗಿಯೇ ದೊರೆತಿದ್ದುವು. ಲಕ್ಷಕ್ಕೂ ಮಿಗಿಲಾಗಿ ತಯಾರಾದ ನಾಲ್ಕು ಸಿಲಿಂಡರಿನದಕ್ಕೆ ನಾಲ್ಕೇ ಬೋಲ್ಟು, ಗಾಳಿಯಾಡದ ಡಿಸ್ಕು. ಕಾರ್ಖಾನೆಯೇ ತೋರಿದ ಹಾದಿಯಲ್ಲವೇ ಎಂದು ಅನೇಕರು 911ರ ಸ್ಟ್ರಟ್ಟುಗಳನ್ನು ತಂದು ಕೂಡಿಸಿದರು. ಪಿಸ್ಟನ್ನಿನ ಒತ್ತು ಅದರ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, 42 ಮಿ.ಮೀ. ಪಿಸ್ಟನ್ನಿದ್ದೆಡೆಗೆ 48 ಮಿ.ಮೀ. ಪಿಸ್ಟನ್ ಬಂದೊಡನೆ ಮುಂಗಾಲಿಯ ಹಿಡಿತವು ಸುಮಾರು ಶೇಕಡ 30ರಷ್ಟು ಏರಿತು. ಅಷ್ಟೇ ಪ್ರಮಾಣದಲ್ಲಿ ಅದು ಬ್ರೇಕ್ ಆಯಿಲನ್ನೂ ಹೆಚ್ಚಾಗಿ ಬೇಡಿದ್ದರಿಂದ ಪೆಡಲ್ ಆಳಕ್ಕಿಳಿಯಿತು. ಇದನ್ನು ನೀಗಲು ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ 17 ಮಿ.ಮೀ. ಮಾಸ್ಟರ್ ಸಿಲಿಂಡರನ್ನು ತೆಗೆದು 19 ಮಿ.ಮೀ.ಯದನ್ನು ಹಾಕಿದರೆ ಪೆಡಲೇನೋ ಮೇಲೆ ನಿಲ್ಲುತ್ತದೆ. ಆದರೆ ಪಾದವು ಕಾಲುಭಾಗ ಅಧಿಕ ಬಲದಿಂದ ತುಳಿಯಬೇಕಾಗಿ, ಗಳಿಸಿದ ಲಾಭದ ಬಹುಪಾಲು ವ್ಯಯವಾಗುತ್ತದೆ. ಇತ್ತ ಹಿಂಗಾಲಿಯಲ್ಲಿ ಹ್ಯಾಂಡ್‌ಬ್ರೇಕಿನ ಯಂತ್ರವನ್ನೂ ಒಳಗೊಂಡ 33 ಮಿ.ಮೀ. ಕ್ಯಾಲಿಪರ್ ಹಾಗೆಯೇ ಉಳಿಯಿತಾಗಿ, ನೊಗದ ಎತ್ತುಗಳಲ್ಲಿ ಒಂದನ್ನಷ್ಟೇ ಬದಲಿಸಿದಂತೆ, ಮುಂಗಾಲಿಗಳು ಬೇಗನೆ ಕಚ್ಚಿ ಜಾರುವಾಗ ಹಿಂಗಾಲಿಗಳು ತಮ್ಮ ಪಾಲಿನ ದುಡಿಮೆಯನ್ನೇ ಮಾಡದೆ ಉಳಿದುವು. ಈ ಕೊರತೆಯನ್ನು ತುಂಬಲೆಂದು ಹಿಂದಿನ ಒತ್ತಡವನ್ನು ನಿಯಂತ್ರಿಸುವ ವಾಲ್ವನ್ನೇ ಕಿತ್ತುಹಾಕುವುದು ನನ್ನ ಮಟ್ಟಿಗೆ ಅತ್ಯಂತ ಅವಿವೇಕದ ಕ್ರಮ. ಏಕೆಂದರೆ ತೀವ್ರವಾಗಿ ತಡೆದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಗುರಾದ ಹಿಂಗಾಲಿಗಳು ಮೊದಲು ಕಚ್ಚಿದರೆ ಕಾರು ತನ್ನ ಸುತ್ತಲೇ ತಿರುಗಿಬಿಡುತ್ತದೆ. ಸ್ಟ್ರಟ್, ಕ್ಯಾಲಿಪರ್, ಸಿಲಿಂಡರ್, ವಾಲ್ವು ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ಅಳೆದು, ಹಿಂದನ್ನೂ ಮುಂದಕ್ಕೆ ತಕ್ಕಂತೆ ಹಿಗ್ಗಿಸಿದವರ ಕಾರುಗಳೇ ಸುಖವಾಗಿ ನಿಂತುವು.

1970 ಮತ್ತು 1971ರಲ್ಲಿ ಲೆ ಮಾನ್ಸ್ ಗೆದ್ದ 917 ಎಂಬ ಪಂದ್ಯದ ಕಾರಿನ ಬ್ರೇಕುಗಳಿಂದ ಮೂಡಿದ ನಾಲ್ಕು ಪಿಸ್ಟನ್ನಿನ ಕ್ಯಾಲಿಪರುಗಳು, ರಂಧ್ರ ಕೊರೆದ ಡಿಸ್ಕುಗಳೊಡನೆ 1978ರ ಮಾದರಿಯ 911 ಟರ್ಬೊಗೆ ಇಳಿದುಬಂದ ಮೇಲೆ, ಸಾಧಾರಣ 911ರ ಒಡೆಯರೂ ಅವುಗಳಿಗಾಗಿ ಹಂಬಲಿಸಿದುದು ಸಹಜವೇ. ಅಲ್ಲಿಯೂ 15 ಅಂಗುಲದ ಗಾಲಿಯು ಸಾಲದೆ 16 ಅಂಗುಲದ್ದು ಬೇಕಾಯಿತು. ಹೀಗೆ ಅಂಗಗಳು ಬದಲಾದ ಕಾರುಗಳಲ್ಲಿ, ಮಾಡಿದ ಬದಲಾವಣೆಯನ್ನು ಕಾರಿನ ಕಾಗದಪತ್ರಗಳೊಡನೆ ಬರೆದಿಡುವ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 911ಎಸ್ ಕಾರಿನ ಆ ಅಲ್ಯೂಮಿನಿಯಂ ಕ್ಯಾಲಿಪರಿನ ಪ್ಯಾಡುಗಳ ಆಕಾರವೇ ಬೇರೆಯಾದುದರಿಂದ, ಛಾಸಿ ಸಂಖ್ಯೆಯೊಂದನ್ನೇ ನಂಬಿ ಪ್ಯಾಡ್ ತರಿಸುವ ಮುಂದಿನ ಮೆಕ್ಯಾನಿಕ್ಕಿಗೆ ಆ ಒಂದು ಚೀಟಿಯಲ್ಲದೆ ಬೇರೆ ಸುಳಿವಿರುವುದಿಲ್ಲ.