ಒಎಲ್‌ಇಡಿಯಲ್ಲಿರುವ 'ಆರ್ಗ್ಯಾನಿಕ್' ಅಂದರೆ ಸಾವಯವವೇ?

ಫೋನು, ಟಿವಿ, ದೀಪದ ಡಬ್ಬಿ ಮೇಲೆ 'ಆರ್ಗ್ಯಾನಿಕ್ ಎಲ್‌ಇಡಿ' ಎಂದು ಓದಿ, "ಇದು ಸಾವಯವ, ಕಣ್ಣಿಗೆ ಹಾನಿಯಿಲ್ಲ" ಎಂದುಕೊಳ್ಳುವವರಿದ್ದಾರೆ. ಆ ನಂಬಿಕೆಯಿಂದ ಹೆಚ್ಚು ದುಡ್ಡು ಕೊಡುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ, ಸ್ವಲ್ಪ ತಾಳಿ.

ರಸಾಯನಶಾಸ್ತ್ರದಲ್ಲಿ ಆರ್ಗ್ಯಾನಿಕ್ ಅಂದರೆ ಇಂಗಾಲದ ಸಂಯುಕ್ತ, ಅಷ್ಟೇ. ಆ ಲೆಕ್ಕದಲ್ಲಿ ಡಿಡಿಟಿ ಕೂಡ ಆರ್ಗ್ಯಾನಿಕ್ಕೇ! ಒಎಲ್‌ಇಡಿಯ ಅಣುಗಳು ಹೊಲದಲ್ಲಿ ಬೆಳೆದವಲ್ಲ, ಕಾರ್ಖಾನೆಯಲ್ಲಿ ತಯಾರಾದವು.

ಹಾಗಾದರೆ ಬೆಳಕು ಹೇಗೆ ಬರುತ್ತದೆ? ಎರಡು ವಿದ್ಯುದ್ವಾರಗಳ ನಡುವೆ ಈ ಅಣುಗಳ ಪದರಗಳಿರುತ್ತವೆ. ಎಲ್ಲ ಸೇರಿದರೂ ತಲೆಗೂದಲಿನ ನೂರನೇ ಒಂದು ಭಾಗಕ್ಕಿಂತ ತೆಳು. ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಧನ ಆವೇಶದ 'ಹೋಲ್' ಬಂದು ಕೂಡಿದಾಗ ಬೆಳಕು ಹೊಮ್ಮುತ್ತದೆ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಸಾಧನ ಕೊಟ್ಟಿದ್ದು ಹಸಿರು ಬೆಳಕು. ಬಿಳಿ ಬೇಕೆಂದರೆ ಕೆಂಪು, ಹಸಿರು, ನೀಲಿ ಪದರಗಳನ್ನು ಬೆರೆಸಬೇಕು, ಇಲ್ಲವೇ ನೀಲಿಗೆ ಹಳದಿ ಸೇರಿಸಬೇಕು. ಜಪಾನಿನ ಯಮಗಾಟ ವಿಶ್ವವಿದ್ಯಾಲಯದ ಜುಂಜಿ ಕಿಡೊ ತಂಡ 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿತು.

ನಿಜವಾದ ತಲೆನೋವು ಇರುವುದು ದಕ್ಷತೆಯಲ್ಲಿ. ಸಾಮಾನ್ಯ ಪ್ರತಿದೀಪಕ ಅಣುಗಳಲ್ಲಿ ಹೀಗೆ ಕೂಡಿದ ನಾಲ್ಕು ಜೋಡಿಗಳಲ್ಲಿ ಬೆಳಕು ಕೊಡುವುದು ಒಂದೇ. ಉಳಿದ ಮೂರರ ಶಕ್ತಿ ಬಹುಪಾಲು ಶಾಖವಾಗಿ ವ್ಯರ್ಥ. ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ತಂಡಗಳು 1998-99ರಲ್ಲಿ ಪ್ಲಾಟಿನಂ, ಇರಿಡಿಯಂನಂಥ ಭಾರಲೋಹ ಸೇರಿದ ಅಣುಗಳನ್ನು ಬಳಸಿ ಆ ಮೂರನ್ನೂ ಬೆಳಗಿಸುವ ದಾರಿ ತೋರಿದವು. ಆದರೆ ನೀಲಿ ಮಾತ್ರ ಹಟಮಾರಿ. ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕು, ಆ ಶಕ್ತಿಯೇ ಅಣುವನ್ನು ಒಡೆಯುತ್ತದೆ. ಹಾಗಾಗಿ ಅನೇಕ ಬಿಳಿ ಪ್ಯಾನೆಲ್‌ಗಳಲ್ಲಿ ನೀಲಿಗೆ ಮಾತ್ರ ಹಳೆಯ ಬಗೆಯ ಅಣುವನ್ನೇ ಬಳಸುತ್ತಾರೆ. ಸಾಲದ್ದಕ್ಕೆ, ಹುಟ್ಟಿದ ಬೆಳಕಿನ ಸುಮಾರು ಐದನೇ ಒಂದು ಭಾಗ ಮಾತ್ರ ಸಾದಾ ಗಾಜಿನಿಂದ ಹೊರಬರುತ್ತದೆ. ಮಿಕ್ಕಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಂಡ ವಿಶೇಷ ಗಾಜು ಬಳಸಿ ಟ್ಯೂಬ್‌ಲೈಟ್‌ನ ದಕ್ಷತೆ ಮುಟ್ಟಿತು, ಅದೂ ಪ್ರಯೋಗಾಲಯದಲ್ಲಿ.

ಆದ್ದರಿಂದ ಮನೆಯ ಬೆಳಕಿಗೆ ಸಾದಾ ಎಲ್‌ಇಡಿ ಬಲ್ಬೇ ಅಗ್ಗ, ಅದೇ ಸಾಕು ಎನ್ನುತ್ತೇವೆ ನಾವು. ಇನ್ನು ಕಣ್ಣಿನ ವಿಷಯ: ಒಎಲ್‌ಇಡಿಯ ಬಿಳಿಯಲ್ಲೂ ನೀಲಿ ಇದ್ದೇ ಇರುತ್ತದೆ. ಪರದೆ ಯಾವುದೇ ಆಗಲಿ, ಗಂಟೆಗಟ್ಟಲೆ ರೆಪ್ಪೆ ಮಿಟುಕಿಸದೆ ನೋಡಿದರೆ ಕಣ್ಣು ಒಣಗಿ ಉರಿಯುತ್ತದೆ.