ಕ್ಯಾನ್ಸರ್ ಗೆದ್ದು ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಸವಾರ: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಹಳದಿ ಜೆರ್ಸಿ ತೊಟ್ಟ ಸೈಕಲ್ ಸವಾರನ ಫೋಟೊ ಇರುವ ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇಪ್ಪತ್ತೈದನೇ ವಯಸ್ಸಿಗೆ ಕ್ಯಾನ್ಸರ್ ಬಂತು, ವೈದ್ಯರು ಕೈಚೆಲ್ಲಿದರು, ಅವನು ಮನೋಬಲವೊಂದರಿಂದಲೇ ಎದ್ದು ಬಂದು ಜಗತ್ತಿನ ಅತಿ ಕಠಿಣ ಸೈಕಲ್ ರೇಸನ್ನು ಸತತ ಏಳು ಸಲ ಗೆದ್ದ ಎಂಬುದು ಅದರ ಸಾರ. ಕೊನೆಗೆ ಕೈಮುಗಿದ ಎಮೋಜಿ, ಹತ್ತು ಜನಕ್ಕೆ ಕಳಿಸಿ ಎಂಬ ಕೋರಿಕೆ.

ಫೋಟೊದಲ್ಲಿರುವುದು ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಕ್ಯಾನ್ಸರ್ ಬಂದಿದ್ದು ನಿಜ. ಏಳು ಪ್ರಶಸ್ತಿಗಳು ಮಾತ್ರ ಇಂದು ಅವರ ಹೆಸರಿನಲ್ಲಿಲ್ಲ. 2012ರ ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅವೆಲ್ಲವನ್ನೂ ವಾಪಸ್ ಪಡೆಯಿತು. 1999ರಿಂದ 2005ರವರೆಗಿನ ಆ ಏಳು ವರ್ಷಗಳ ವಿಜೇತರ ಜಾಗವನ್ನು ಬೇರೆ ಯಾರಿಗೂ ಕೊಡದೆ ಖಾಲಿ ಬಿಡಲಾಗಿದೆ.

ಮೂರು ವಾರದ ರೇಸು ಅಂದರೆ ಏನು?

ಫ್ರಾನ್ಸ್‌ನ ಟೂರ್, ಇಟಲಿಯ ಜಿರೋ, ಸ್ಪೇನ್‌ನ ವುಯೆಲ್ಟಾ. ಈ ಮೂರನ್ನು ಗ್ರ್ಯಾಂಡ್ ಟೂರ್ ಎನ್ನುತ್ತಾರೆ. ಸಾಮಾನ್ಯವಾಗಿ 21 ದಿನ ಓಟ, ನಡುವೆ ಎರಡು ದಿನ ವಿಶ್ರಾಂತಿ, ಒಟ್ಟು 3,000 ಕಿ.ಮೀ.ಗೂ ಹೆಚ್ಚು ದಾರಿ. ದಿನದಿನವೂ ಒಬ್ಬ ವಿಜೇತ ಇರುತ್ತಾನೆ, ಆದರೆ ಕೊನೆಗೆ ಗೆಲ್ಲುವವನು ಎಲ್ಲ ದಿನಗಳ ಸಮಯ ಕೂಡಿಸಿದಾಗ ಅತಿ ಕಡಿಮೆ ಹೊತ್ತು ತೆಗೆದುಕೊಂಡವನು. ಒಂದೇ ಒಂದು ದಿನವೂ ಮೊದಲು ಬರದೆ ಒಟ್ಟಾರೆ ಗೆಲ್ಲಬಹುದು.

ಈ ಲೆಕ್ಕ ಬೆಟ್ಟಗಳಲ್ಲಿ ತಲೆಕೆಳಗಾಗುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು ದಾರಿ. ಸ್ಪೇನ್‌ನ ಆಂಗ್ಲಿರು ಬೆಟ್ಟದ ಏರು ಅದಕ್ಕಿಂತ ಸ್ವಲ್ಪ ಚಿಕ್ಕದು, ಸುಮಾರು 12.5 ಕಿ.ಮೀ. ಅಷ್ಟರಲ್ಲಿ 1,200 ಮೀಟರಿಗೂ ಹೆಚ್ಚು ಮೇಲೇರಬೇಕು. ಕೆಲವು ಕಡೆ ನೂರು ಮೀಟರ್ ಮುಂದೆ ಹೋದರೆ ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರ. ಎರಡು ವಾರ ತುಳಿದು ಸೋತ ಕಾಲಲ್ಲಿ ಇದನ್ನು ಹತ್ತಬೇಕು. ಒಂದು ದಿನದ ರೇಸಿನಲ್ಲಿ ಮಿಂಚುವವರು ಇಲ್ಲಿ ಹಿಂದೆ ಬೀಳುವುದು ಇದೇ ಕಾರಣಕ್ಕೆ.

ಆರ್ಮ್‌ಸ್ಟ್ರಾಂಗ್ ಹಾಗೆ ಹಿಂದೆ ಬೀಳುವವರೇ ಆಗಿದ್ದರು. 1993ರಲ್ಲಿ ಅವರು ಒಂದು ದಿನದ ರೇಸಿನ ವಿಶ್ವ ಚಾಂಪಿಯನ್. ಕ್ಯಾನ್ಸರ್‌ಗೆ ಮೊದಲು ನಾಲ್ಕು ಸಲ ಟೂರ್‌ಗೆ ಇಳಿದು, ಪೂರ್ತಿ ಮುಗಿಸಿದ್ದು 1995ರಲ್ಲಿ ಮಾತ್ರ. ಅದೂ 36ನೇ ಸ್ಥಾನ. ಅಂಥವರು 1998ರ ವುಯೆಲ್ಟಾದಲ್ಲಿ ನಾಲ್ಕನೆಯವರಾದರು, ಮರುವರ್ಷ ಟೂರ್ ಗೆದ್ದೇಬಿಟ್ಟರು. ಹೇಗೆ ಎಂದರೆ, ಕಾಯಿಲೆಯಿಂದ ತೂಕ ಇಳಿದು ಬೆಟ್ಟ ಹತ್ತುವುದು ಸುಲಭವಾಯಿತು, ಪೆಡಲ್ ತುಳಿಯುವ ಶೈಲಿ ಬದಲಾಯಿತು, ಯಾರೂ ಮಾಡದಷ್ಟು ಅಭ್ಯಾಸ ಮಾಡಿದರು ಎಂದು ಜಗತ್ತು ನಂಬಿತು. ಅವರ ದೇಹದ ದಕ್ಷತೆ ಹೆಚ್ಚಿದೆ ಎಂದು 2005ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಲೇಖನವೂ ಬಂತು, ಅದರ ಲೆಕ್ಕದಲ್ಲೇ ತಪ್ಪಿದೆ ಎಂದು ಬೇರೆ ವಿಜ್ಞಾನಿಗಳು ಆಮೇಲೆ ತೋರಿಸಿದರು. ಕಥೆ ಚೆನ್ನಾಗಿದ್ದರೆ ಓದಿದವರೂ ನಂಬುತ್ತಾರೆ.

ಫ್ರಿಜ್‌ನಲ್ಲಿಡುವ ಆ ಇಂಜೆಕ್ಷನ್

ನಮ್ಮ ಮೂತ್ರಪಿಂಡ ಎರಿಥ್ರೋಪೊಯೆಟಿನ್, ಚಿಕ್ಕದಾಗಿ ಇಪಿಒ, ಎಂಬ ಹಾರ್ಮೋನು ಬಿಡುತ್ತದೆ. ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುವುದು ಅದರ ಕೆಲಸ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ಈ ಇಂಜೆಕ್ಷನ್ ನಿಮಗೆ ಗೊತ್ತಿರುತ್ತದೆ. ಮೂತ್ರಪಿಂಡ ಸೋತು ರಕ್ತ ಕಡಿಮೆಯಾದವರಿಗೆ ಇದು ದೊಡ್ಡ ಆಸರೆ. ರಕ್ತ ಸರಿಯಾಗಿಯೇ ಇರುವ ಸವಾರ ತೆಗೆದುಕೊಂಡರೆ ಕಣಗಳು ಹೆಚ್ಚಿ, ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ, ಮೂರನೇ ವಾರದಲ್ಲೂ ಸುಸ್ತು ತಡವಾಗಿ ಬರುತ್ತದೆ. ಜೊತೆಗೆ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ, ಹೃದಯಾಘಾತ ಆಗುವ ಅಪಾಯವೂ ಇದೆ.

'ಅಷ್ಟೊಂದು ಪರೀಕ್ಷೆ ಮಾಡಿದರೂ ಸಿಕ್ಕಿಬೀಳಲಿಲ್ಲವಲ್ಲ' ಎಂದು ಈಗಲೂ ವಾದಿಸುವವರಿದ್ದಾರೆ. ಇಪಿಒ ಪತ್ತೆ ಮಾಡುವ ಪರೀಕ್ಷೆ ಬಳಕೆಗೆ ಬಂದಿದ್ದೇ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ಅವರ ಮೊದಲ ಟೂರ್ ಗೆಲುವು ಅದಕ್ಕೂ ಹಿಂದಿನದು. ಕೊನೆಗೆ ಬಯಲು ಮಾಡಿದ್ದು ಮನುಷ್ಯರ ಸಾಕ್ಷಿ. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಗೆ 26 ಮಂದಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು, ಅವರಲ್ಲಿ 15 ಮಂದಿ ಸವಾರರೇ. 2013ರ ಜನವರಿಯಲ್ಲಿ ಆರ್ಮ್‌ಸ್ಟ್ರಾಂಗ್ ಅವರೇ ಟಿವಿಯಲ್ಲಿ ಒಪ್ಪಿಕೊಂಡರು: ಇಪಿಒ, ರಕ್ತ ಏರಿಸಿಕೊಳ್ಳುವುದು, ಟೆಸ್ಟೋಸ್ಟಿರಾನ್, ಏಳೂ ಗೆಲುವುಗಳಲ್ಲಿ.

ಹಾಗಾದರೆ ಅಚ್ಚರಿಯ ಗೆಲುವೆಲ್ಲ ಮೋಸವೇ?

ಈಗ ಎದುರು ದಿಕ್ಕಿನ ಫಾರ್ವರ್ಡ್ ಶುರುವಾಗಿದೆ: ಸೈಕ್ಲಿಂಗ್‌ನಲ್ಲಿ ಎಲ್ಲರೂ ಕಳ್ಳರು. ಇದೂ ಅಷ್ಟೇ ಸೋಮಾರಿ ಮಾತು. 2023ರ ವುಯೆಲ್ಟಾ ಗೆದ್ದ ಸೆಪ್ ಕುಸ್ ಅವರನ್ನು ನೋಡಿ. ಅವರದು ನಾಯಕನಿಗೆ ನೆರವಾಗುವ ಕೆಲಸ: ಮುಂದೆ ತುಳಿದು ಗಾಳಿ ಒಡೆಯುವುದು, ಬೆಟ್ಟದಲ್ಲಿ ಜೊತೆಗಿರುವುದು. ಚಿತ್ರದುರ್ಗದ ಗಾಳಿಗೆದುರು ಸೈಕಲ್ ತುಳಿದವರಿಗೆ, ಮುಂದೊಬ್ಬ ಇದ್ದರೆ ಎಷ್ಟು ಹಗುರ ಎಂದು ಹೇಳಬೇಕಿಲ್ಲ.

ಆ ವರ್ಷ ಜಿರೋದಲ್ಲಿ ಪ್ರಿಮೋಜ್ ರೋಗ್ಲಿಚ್‌ಗೆ, ಟೂರ್‌ನಲ್ಲಿ ಜೊನಾಸ್ ವಿಂಗೆಗಾರ್ಡ್‌ಗೆ ದುಡಿದು, ಇಬ್ಬರೂ ಗೆದ್ದ ಮೇಲೆ ಅದೇ ಇಬ್ಬರ ಜೊತೆ ಕುಸ್ ವುಯೆಲ್ಟಾಕ್ಕೆ ಬಂದರು. ಆರನೇ ದಿನ ಮುಂದೆ ಹೋದ ಗುಂಪಿನಲ್ಲಿ ಸೇರಿಕೊಂಡು ಗೆದ್ದರು. ಪ್ರಶಸ್ತಿಯ ನೆಚ್ಚಿನವರಿಗಿಂತ ಎರಡೂವರೆ ನಿಮಿಷಕ್ಕೂ ಹೆಚ್ಚು ಅಂತರ ಸಿಕ್ಕಿತು. ಎಂಟನೇ ದಿನ ಮುನ್ನಡೆಯ ಕೆಂಪು ಜೆರ್ಸಿ ಅವರ ಮೈಮೇಲೆ ಬಂತು. ಆಮೇಲಿನ ಬೆಟ್ಟಗಳಲ್ಲಿ ಅಂತರ ಕರಗುತ್ತ ಹೋಯಿತು. ಆಂಗ್ಲಿರುವಿನಲ್ಲಿ ಅವರ ಇಬ್ಬರು ನಾಯಕರೇ ಅವರನ್ನು ಹಿಂದೆ ಬಿಟ್ಟು ಹೋದರು, ಉಳಿದಿದ್ದು 8 ಸೆಕೆಂಡ್. ಅಂದು ಕುಸ್ ಹುಟ್ಟುಹಬ್ಬ ಬೇರೆ. ಮ್ಯಾಡ್ರಿಡ್‌ನಲ್ಲಿ 17 ಸೆಕೆಂಡ್‌ಗಳಿಂದ ಗೆದ್ದರು.

ಎರಡು ಕಥೆಗಳ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಕುಸ್‌ಗೆ ಶಕ್ತಿ ಹೊಸದಾಗಿ ಬಂದದ್ದಲ್ಲ. ನಾಯಕನಿಗೆ ದುಡಿಯುತ್ತಲೇ 2021ರ ವುಯೆಲ್ಟಾದಲ್ಲಿ ಎಂಟನೆಯವರಾಗಿದ್ದರು. ಗೆಲುವಿನ ಸಮಯ ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದು. ಮರುವರ್ಷ ಅವರ ಸ್ಥಾನ 14. ಇದರಿಂದ ಯಾರ ರಕ್ತದಲ್ಲಿ ಏನಿತ್ತು ಎಂದು ಸಾಬೀತಾಗುವುದಿಲ್ಲ, ಅದು ಪರೀಕ್ಷೆಯ ಕೆಲಸ. ಆದರೆ ಅಚ್ಚರಿಯೊಂದೇ ಸಾಕ್ಷಿಯಲ್ಲ.

ಫಾರ್ವರ್ಡ್‌ನ ಅಪಾಯಕಾರಿ ಸಾಲು

ನನಗೆ ಹೆಚ್ಚು ಕಿರಿಕಿರಿ ಮಾಡುವುದು ಏಳು ಪ್ರಶಸ್ತಿಯ ಸಾಲಲ್ಲ. 'ವೈದ್ಯರು ಕೈಚೆಲ್ಲಿದರು, ಮನೋಬಲ ಗೆಲ್ಲಿಸಿತು' ಎಂಬ ಸಾಲು. ನಡೆದದ್ದು ಹೀಗೆ: ವೃಷಣ ಊದಿಕೊಂಡಿದ್ದರೂ ಆರ್ಮ್‌ಸ್ಟ್ರಾಂಗ್ ತಲೆಕೆಡಿಸಿಕೊಳ್ಳಲಿಲ್ಲ, ಸೈಕಲ್ ಹೊಡೆಯುತ್ತಲೇ ಇದ್ದರು. ಕೆಮ್ಮಿದಾಗ ರಕ್ತ ಬಂದ ಮೇಲೆ, 1996ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಅಷ್ಟರಲ್ಲಿ ಅದು ಶ್ವಾಸಕೋಶ, ಮೆದುಳಿಗೆ ಹಬ್ಬಿತ್ತು. ವೃಷಣದ ಶಸ್ತ್ರಚಿಕಿತ್ಸೆ, ಮೆದುಳಿನ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಲ್ಲ ಆಯಿತು. ಅವರ ಚಿಕಿತ್ಸೆ ನಡೆದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲೇ 1970ರ ದಶಕದಲ್ಲಿ ಡಾ. ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಔಷಧಿ ಬಳಸಿ ಈ ಕ್ಯಾನ್ಸರ್ ವಾಸಿ ಮಾಡುವ ದಾರಿ ಕಂಡುಕೊಂಡಿದ್ದರು. ಧೈರ್ಯ ಬೇಕು, ನಿಜ. ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ಔಷಧಿ.

ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ನಲವತ್ತರ ನಡುವಿನ ಗಂಡಸರಲ್ಲಿ. ಬಹಳ ಸಲ ನೋವೇ ಇರುವುದಿಲ್ಲ. ಒಂದು ಗಂಟು, ಒಂದು ಕಡೆ ಊತ, ಭಾರ ಅನ್ನಿಸುವುದು, ಅಷ್ಟೇ. ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಸ್ನಾನದ ವೇಳೆ ಅಂಥದ್ದು ಕೈಗೆ ತಾಗಿದರೆ ಜಿಲ್ಲಾ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೋ ಮೂತ್ರರೋಗ ತಜ್ಞರ ಬಳಿಗೋ ಹೋಗಿ. ಮೊದಲು ಮಾಡುವುದು ಒಂದು ಸ್ಕ್ಯಾನ್, ಒಂದಿಷ್ಟು ರಕ್ತ ಪರೀಕ್ಷೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕರೆ ಬಹುತೇಕ ಎಲ್ಲರೂ ವಾಸಿಯಾಗುತ್ತಾರೆ, ಬೇರೆ ಅಂಗಕ್ಕೆ ಹಬ್ಬಿದ ಮೇಲೂ ವಾಸಿಯಾಗುವವರೇ ಹೆಚ್ಚು.