ಒಂದೇ ಪಾತ್ರೆಯ ಅನ್ನ: ಕಾಗಿಣಾ ತೀರದಿಂದ ಲೂಸಿಯಾನಾದವರೆಗೆ

ಇತಿಹಾಸವೆಂದೊಡನೆ ನಮ್ಮ ಕಣ್ಣೆದುರು ಕೋಟೆ, ಶಾಸನ, ಸಿಂಹಾಸನಗಳು ಬಂದು ನಿಲ್ಲುತ್ತವೆ. ಆದರೆ ಜನಸಾಮಾನ್ಯರ ಇತಿಹಾಸ ಹೆಚ್ಚಾಗಿ ಉಳಿದಿರುವುದು ಒಲೆಯ ಮೇಲೆ. ಯಾರು ಎಲ್ಲಿಂದ ಬಂದರು, ಏನನ್ನು ಕಳೆದುಕೊಂಡರು, ನೆರೆಯವರಿಂದ ಏನನ್ನು ಕಲಿತರು ಎಂಬುದನ್ನು ಅವರ ಅಡುಗೆಯ ಪಾತ್ರೆ ಮರೆಯದೆ ಹೇಳುತ್ತದೆ. ಅಂಥ ಎರಡು ಪಾತ್ರೆಗಳ ಕತೆಯನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ಒಂದು ನಮ್ಮ ಕಲಬುರಗಿ ಸೀಮೆಯ ತಹರಿ. ಇನ್ನೊಂದು ಸಮುದ್ರದಾಚೆಯ ಅಮೆರಿಕದ ಲೂಸಿಯಾನಾ ಪ್ರಾಂತ್ಯದ ಜಂಬಲಾಯಾ.

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. ಸೇಡಂ, ಚಿತ್ತಾಪುರ, ಚಿಂಚೋಳಿಗಳದು ಜೋಳ ಮತ್ತು ತೊಗರಿಯ ನಾಡು. ಇಲ್ಲಿಯ ದಿನದ ಊಟವೆಂದರೆ ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ. ಅನ್ನವೆಂಬುದು ಬಹುಕಾಲ ಬಡವರ ಮನೆಯಲ್ಲಿ ಹಬ್ಬದ ದಿನದ, ಮದುವೆಯ ದಿನದ, ಕಾಯಿಲೆಯವರ ಪಥ್ಯದ ಪದಾರ್ಥವಾಗಿತ್ತು. ನ್ಯಾಯಬೆಲೆ ಅಂಗಡಿಯ ಅಕ್ಕಿ, ಅದರಲ್ಲೂ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಈ ಮಾತು ವಿಚಿತ್ರವೆನಿಸಬಹುದು. ಮನೆಯ ಹಿರಿಯರನ್ನು ಕೇಳಿ ನೋಡಿ. ಅನ್ನದ ವಾಸನೆ ಬಂದರೆ ಹಬ್ಬ ಬಂತೆಂದು ತಿಳಿಯುತ್ತಿದ್ದ ಕಾಲವನ್ನು ಅವರು ನೆನೆಯುತ್ತಾರೆ.

ಹಾಗೆಂದು ಈ ನಾಡಿಗೆ ಮಾಂಸ ಮೀನುಗಳ ಅಡುಗೆ ಹೊಸದೇನೂ ಅಲ್ಲ. ಇಲ್ಲಿಂದ ದೂರವಲ್ಲದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನ, ಬೇಳೆಗಳ ಜೊತೆಗೆ ಹಲವು ಬಗೆಯ ಮಾಂಸ ಮತ್ತು ಮೀನಿನ ಪಾಕಗಳ ವಿವರಣೆಯಿದೆ. ಮುಂದೆ 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡು ಬಹಮನಿ ರಾಜ್ಯ ತಲೆಯೆತ್ತಿತು. ಪರ್ಷಿಯಾ ಹಾಗೂ ಮಧ್ಯ ಏಷ್ಯಾದಿಂದ ಬಂದ ವಿದ್ವಾಂಸರು, ಸೈನಿಕರು, ವರ್ತಕರು ಇಲ್ಲಿ ನೆಲೆಸಿದರು. ಅಕ್ಕಿಯನ್ನು ಮಾಂಸದ ರಸದಲ್ಲಿ ಬೇಯಿಸುವ ಪುಲಾವಿನ ವಿದ್ಯೆ ಪರ್ಷಿಯಾದ ಕಡೆಯದು. ಅದು ದಖ್ಖನಿನ ಮಸಾಲೆಯೊಂದಿಗೆ ಸೇರಿ ಹಲವು ರೂಪ ತಾಳಿತು. ತಹರಿ ಆ ರೂಪಗಳಲ್ಲೊಂದು.

ತಹರಿಗೂ ಬಿರಿಯಾನಿಗೂ ಇರುವ ಭೇದವನ್ನು ಗಮನಿಸಬೇಕು. ಬಿರಿಯಾನಿಯಲ್ಲಿ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಅರೆಬೇಯಿಸಿ, ಮಾಂಸದ ಮೇಲೆ ಪದರವಾಗಿ ಹರಡಿ, ಬಾಯಿ ಮುಚ್ಚಿ ದಮ್ಮಿಗೆ ಇಡುತ್ತಾರೆ. ತಹರಿಯಲ್ಲಿ ಎರಡು ಪಾತ್ರೆಗಳಿಲ್ಲ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅರಿಶಿನ, ಮೆಣಸಿನಕಾಯಿಗಳೊಂದಿಗೆ ಮಾಂಸ ಬೆಂದ ರಸಕ್ಕೆ ನೇರವಾಗಿ ಹಸಿ ಅಕ್ಕಿಯನ್ನೇ ಸುರಿಯುತ್ತಾರೆ. ಅಕ್ಕಿಯ ಪ್ರತಿ ಕಾಳೂ ಆ ರಸವನ್ನು ಕುಡಿದು ಹಳದಿಯಾಗಿ ಅರಳುತ್ತದೆ. ಉತ್ತರ ಭಾರತದಲ್ಲಿ ತಹರಿಯೆಂದರೆ ಬಹುಮಟ್ಟಿಗೆ ತರಕಾರಿಯ ಅನ್ನ. ನಮ್ಮ ಕಲಬುರಗಿಯಲ್ಲಿ ಅದು ಮಾಂಸದ ಅನ್ನ. ಸ್ವಲ್ಪ ಮಾಂಸ, ಬಹಳ ಅಕ್ಕಿ, ಒಂದೇ ಪಾತ್ರೆ, ಹತ್ತಾರು ಹೊಟ್ಟೆ: ಇದೇ ಅದರ ಲೆಕ್ಕಾಚಾರ.

ಈಗ ಕಡಲಾಚೆಗೆ ಹೋಗೋಣ. ಇಂದಿನ ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ, ಅಕೇಡಿಯಾ ಎಂಬ ಸೀಮೆಯಲ್ಲಿ, ಫ್ರೆಂಚ್ ಮಾತನಾಡುವ ಕಥೋಲಿಕ ರೈತರು ನೆಲೆಸಿದ್ದರು. ಆ ನಾಡು ಬ್ರಿಟಿಷರ ಕೈಸೇರಿದಾಗ, ಇಂಗ್ಲೆಂಡಿನ ಅರಸನಿಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲು ಅವರು ಒಪ್ಪಲಿಲ್ಲ. 1755ರಿಂದ ಅವರನ್ನು ಬಲವಂತವಾಗಿ ಹಡಗುಗಳಿಗೆ ಹತ್ತಿಸಿ ದಿಕ್ಕುದಿಕ್ಕಿಗೆ ಚದುರಿಸಲಾಯಿತು. ಹೀಗೆ ಮನೆಮಠ ಕಳೆದುಕೊಂಡವರು ಹತ್ತು ಸಾವಿರಕ್ಕೂ ಹೆಚ್ಚು. ಕುಟುಂಬಗಳು ಒಡೆದವು; ರೋಗದಿಂದ, ಹಡಗು ಮುಳುಗಿ ಸಾವಿರಾರು ಜನ ಸತ್ತರು. ಉಳಿದವರಲ್ಲಿ ಹಲವರು 1760ರ ದಶಕದಿಂದ ಮುಂದೆ ಲೂಸಿಯಾನಾದ ಜೌಗುನೆಲಕ್ಕೆ ಬಂದು ತಲುಪಿದರು. ‘ಅಕೇಡಿಯನ್’ ಎಂಬ ಅವರ ಹೆಸರೇ ಜನರ ಬಾಯಲ್ಲಿ ಸವೆದು ‘ಕೇಜನ್’ ಆಯಿತು.

ತಂಪುನಾಡಿನ ಗೋದಿಯನ್ನು ಬಲ್ಲ ಆ ಜನರಿಗೆ ಹೊಸ ನೆಲದಲ್ಲಿ ದೊರೆತದ್ದು ಅಕ್ಕಿ, ಸಿಗಡಿ, ಕಾಡುಹಕ್ಕಿ, ಹಂದಿಮಾಂಸ. ಆ ಅಕ್ಕಿ ಅಲ್ಲಿಗೆ ಬಂದ ಬಗೆಯನ್ನು ನಾವು ಮರೆಯಬಾರದು. 1719ರಿಂದ ಫ್ರೆಂಚ್ ಹಡಗುಗಳು ಪಶ್ಚಿಮ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಹೊತ್ತು ತಂದವು. ಅವರಲ್ಲಿ ಭತ್ತದ ಬೇಸಾಯವನ್ನು ತಲೆಮಾರುಗಳಿಂದ ಬಲ್ಲವರಿದ್ದರು. ಮಾಂಸ, ಮೀನುಗಳೊಂದಿಗೆ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸುವ ಪದ್ಧತಿ ಅವರ ತಾಯ್ನಾಡಿನಲ್ಲಿ ಇಂದಿಗೂ ಇದೆ. ‘ಜೊಲೊಫ್’ ಅನ್ನ ಅದರ ಪ್ರಸಿದ್ಧ ರೂಪ. 1762ರ ಒಪ್ಪಂದದಿಂದ ಲೂಸಿಯಾನಾ ಸ್ಪೇನ್ ದೇಶದ ಪಾಲಾಯಿತು. ಸ್ಪೇನಿನವರಿಗೆ ತಮ್ಮದೇ ಆದ ‘ಪಾಯೆಯ್ಯಾ’ ಎಂಬ ಅಗಲ ಬಾಣಲೆಯ ಅನ್ನವಿತ್ತು. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ‘ಜಂಬಲಾಯಾ’ ಎಂದರೆ ಕಲಸುಮೇಲೋಗರವೆಂಬ ಅರ್ಥವಿದೆ. ಈ ಅನ್ನ ಯಾರದೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಪಾತ್ರೆಯನ್ನು ಕೇಳಿದರೆ, ಎಲ್ಲರದೂ ಹೌದು ಎಂದೀತು. ಆದರೆ ಗುಲಾಮರಾಗಿ ಗದ್ದೆಯಲ್ಲಿ ದುಡಿದು, ಒಡೆಯರ ಅಡುಗೆಮನೆಯಲ್ಲಿ ಬೆಂದವರ ಹೆಸರುಗಳು ಮಾತ್ರ ಬಹುಪಾಲು ಎಲ್ಲೂ ದಾಖಲಾಗಲಿಲ್ಲ.

ಅದನ್ನು ಮಾಡುವ ಕ್ರಮ ಕೇಳಿದರೆ ತಮಗೆ ನೆರೆಮನೆಯ ತಹರಿಯೇ ನೆನಪಾಗುತ್ತದೆ. ಅರ್ಧ ಕಿಲೋ ಕೋಳಿಯ ತುಂಡುಗಳನ್ನು ದಪ್ಪ ತಳದ ಅಗಲ ಬಾಣಲೆಯಲ್ಲಿ, ಎಣ್ಣೆಯಲ್ಲಿ, ಚೆನ್ನಾಗಿ ಕಂದುಬಣ್ಣ ಬರುವವರೆಗೆ ಹುರಿದು ತೆಗೆದಿಡಬೇಕು. ಕೇಜನ್ ಅನ್ನದ ಬಣ್ಣ ಬರುವುದು ತಳಕ್ಕೆ ಅಂಟಿದ ಈ ಕಂದಿನಿಂದಲೇ. ಪಟ್ಟಣದ ಕ್ರಿಯೋಲ್ ಜನರಂತೆ ಅವರು ಟೊಮೆಟೊ ಹಾಕುವುದಿಲ್ಲ. ಅದೇ ಬಾಣಲೆಯಲ್ಲಿ ಎರಡು ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಸೆಲರಿ ಸೊಪ್ಪಿನ ದಂಟು, ಬೆಳ್ಳುಳ್ಳಿಗಳನ್ನು ಬಾಡಿಸಬೇಕು. ಈರುಳ್ಳಿ, ಮೆಣಸಿನಕಾಯಿ, ಸೆಲರಿ ಈ ಮೂರನ್ನು ಅಲ್ಲಿಯ ಗೃಹಿಣಿಯರು ‘ಪವಿತ್ರ ತ್ರಿತ್ವ’ವೆಂದೇ ಕರೆಯುತ್ತಾರೆ! ಸೆಲರಿ ದೊರೆಯದಿದ್ದರೆ ಕೊತ್ತಂಬರಿಯ ದಂಟು ಸಾಕು. ಹೊಗೆಯಾಡಿಸಿದ ಹಂದಿಮಾಂಸದ ಸಾಸೇಜು ಅಲ್ಲಿಯ ವಾಡಿಕೆ. ಗೋವಾದ ಕ್ರೈಸ್ತ ಮನೆಗಳ ಚೊರಿಸ್ ಪುಲಾವನ್ನು ಉಂಡವರಿಗೆ ಆ ರುಚಿ ಅಪರಿಚಿತವಲ್ಲ. ಬಳಿಕ ಎರಡು ಲೋಟ ತೊಳೆದ ಅಕ್ಕಿ, ಹುರಿದ ಮಾಂಸ, ಉಪ್ಪು, ಖಾರದ ಪುಡಿ, ಸುಮಾರು ನಾಲ್ಕು ಲೋಟ ಬಿಸಿನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ನೀರು ಬಹುಪಾಲು ಇಂಗಿದಾಗ ಕಾಲು ಕಿಲೋ ಸುಲಿದ ಸಿಗಡಿಯನ್ನು ಮೇಲೆ ಹರಡಿ ಮತ್ತೆ ಮುಚ್ಚಬೇಕು. ಸಿಗಡಿಗೆ ಐದಾರು ನಿಮಿಷ ಸಾಕು. ಮೊದಲೇ ಹಾಕಿದರೆ ರಬ್ಬರಿನಂತಾಗುತ್ತದೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ಬಿಟ್ಟು ಸಿಗಡಿ, ಮೀನುಗಳಿಂದಷ್ಟೇ ಇದನ್ನು ಮಾಡಬಹುದು.

ಕಡಲಿಲ್ಲದ ನಮ್ಮ ಸೀಮೆಗೂ ಕಡಲ ತೀರದ ರುಚಿಗಳಿಗೂ ನಂಟು ಬೆಳೆದದ್ದು ಹಳಿಗಳ ಮೂಲಕ. 1871ರಲ್ಲಿ ಮುಂಬಯಿಯ ರೈಲು ಮಾರ್ಗ ಶಹಾಬಾದ್, ವಾಡಿಗಳನ್ನು ಹಾದು ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಓಡಿತು. ಅದುವರೆಗೆ ಸಣ್ಣ ಊರಾಗಿದ್ದ ವಾಡಿ ಜಂಕ್ಷನ್ ಆಯಿತು. ಶಹಾಬಾದಿನ ಹಾಸುಗಲ್ಲು ದೇಶದ ಮನೆಮನೆಗೆ ಹೋಯಿತು; ಅದೇ ಸುಣ್ಣಕಲ್ಲಿನ ನೆಲದ ಮೇಲೆ ಸಿಮೆಂಟ್ ಕಾರ್ಖಾನೆಗಳು ಎದ್ದವು. ತೆಲುಗರು, ಮರಾಠಿಗರು, ತಮಿಳರು, ಕರಾವಳಿಯ ಕೊಂಕಣಿ ಕುಟುಂಬಗಳು ಕೆಲಸವನ್ನು ಅರಸಿ ಬಂದರು. ಅವರನ್ನು ಯಾರೂ ಹಡಗಿನಲ್ಲಿ ತುಂಬಿ ಗಡೀಪಾರು ಮಾಡಲಿಲ್ಲ ನಿಜ. ಆದರೂ ಹುಟ್ಟೂರನ್ನು ಬಿಟ್ಟು ಬಂದವರ ಒಲೆಯಲ್ಲಿ ಒಂದಿಷ್ಟು ನೋವು ಇದ್ದೇ ಇರುತ್ತದೆ.

ಇಲ್ಲಿ ತಮ್ಮ ಮುಂದೆ ಒಂದು ಪ್ರಶ್ನೆಯನ್ನಿಡಬೇಕೆನಿಸುತ್ತದೆ. ಯಾರ ಮನೆಯ ನೀರು ಕುಡಿಯಬೇಕು, ಯಾರ ಪಾತ್ರೆಯ ಅನ್ನ ಮುಟ್ಟಬಾರದು ಎಂದು ಬಹುಕಾಲ ಲೆಕ್ಕ ಹಾಕಿದ ಸಮಾಜ ನಮ್ಮದು. ಆ ಲೆಕ್ಕ ಪೂರ್ತಿ ಅಳಿಸಿಹೋಗಿದೆಯೆಂದು ಎದೆಮುಟ್ಟಿ ಹೇಳಬಲ್ಲೆವೇ? ತಹರಿಯನ್ನು ನಾವು ನೆರೆಯ ಮುಸ್ಲಿಂ ಬಂಧುಗಳಿಂದ ಕಲಿತೆವು. ಕೇಜನ್ ಜನ ತಮ್ಮ ಅನ್ನದ ರುಚಿಯನ್ನು ಆಫ್ರಿಕಾದ ಗುಲಾಮರಿಂದಲೂ ಕಲಿತರು. ರುಚಿಯನ್ನು ಸ್ವೀಕರಿಸಿ, ಅದನ್ನು ಕೊಟ್ಟ ಕೈಯನ್ನು ದೂರವಿಡುವುದು ಸುಲಭ. ಇತಿಹಾಸದಲ್ಲಿ ಅದು ಮತ್ತೆ ಮತ್ತೆ ನಡೆದಿದೆ.

ಲೂಸಿಯಾನಾದ ಗೊನ್ಸಾಲೆಸ್ ಎಂಬ ಊರಿನಲ್ಲಿ 1968ರಿಂದ ಜಂಬಲಾಯಾ ಹಬ್ಬ ನಡೆದುಬಂದಿದೆ. ಅಲ್ಲಿ ಕಟ್ಟಿಗೆಯ ಉರಿಯ ಮೇಲೆ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನಿಟ್ಟು ಅನ್ನ ಬೇಯಿಸುತ್ತಾರೆ. ನಮ್ಮ ಧರ್ಮಕೇಂದ್ರದ ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಒಲೆ ಹೂಡುವಾಗ ಆ ದೂರದ ಒಲೆಗಳನ್ನು ಒಮ್ಮೆ ನೆನೆಯೋಣ. ಬಡಿಸುವ ಮುನ್ನ ಪಂಕ್ತಿಯನ್ನೂ ಒಮ್ಮೆ ನೋಡೋಣ. ಈರುಳ್ಳಿ ಹೆಚ್ಚಿದವರು, ಸೌದೆ ಹೊತ್ತವರು, ಪಾತ್ರೆ ತೊಳೆಯಲು ಬಂದವರು ಅಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದಾರೆಯೇ? ಕುಳಿತಿದ್ದರೆ, ಆ ಪಾತ್ರೆ ನಿಜಕ್ಕೂ ಒಂದೇ.